ಕಿಟಕಿ ಪಕ್ಕದ ಬೇಸಿನ್

ಬೆಂದ ರೇಷ್ಮೆಹುಳುವಿನ ವಾಸನೆಯನ್ನು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ, ಗೊತ್ತಿದ್ದವರಿಗೆ ವಿವರಿಸಬೇಕಾಗಿಯೇ ಇಲ್ಲ. ಮೊನ್ನೆ ಪರೀಕ್ಷೆಯ ಪೇಪರು ತಿದ್ದಲು ಕನಕಪುರದಿಂದ ರಾಮನಗರಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಮಳೆ ನಿಂತಿತೆಂದು ಜೊತೆಯ ಮೇಷ್ಟ್ರೊಬ್ಬರು ಕಿಟಕಿ ತೆರೆದರು, ತೆರೆದಷ್ಟೇ ಬೇಗ ಮುಚ್ಚಿದರು. ಕರ್ಚೀಫಿನಿಂದ ಮೂಗು ಹಿಡಿದುಕೊಂಡು, ಈ ಊರಿನ ಜನ ಇದನ್ನು ಹೇಗೆ ತಡ್ಕೋತಾರೋ ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಡಬ್ಬಿಯ ಅನ್ನ ಅಲ್ಲಿಗೇ ಸಾಕಾಯಿತು. ಕೈ ತೊಳೆದು, ಮಧ್ಯಾಹ್ನಕ್ಕೆ ರಜೆ ಬೇಕೆಂದು ಚೀಟಿ ಬರೆದುಕೊಟ್ಟು, ಕೊಡೆ ಹಿಡಿದು ಬೀದಿಗಿಳಿದೆ. ಏಳು ವರ್ಷದಿಂದ ನಾಳೆ ನಾಳೆ ಎಂದು ಮುಂದೂಡಿದ್ದ ಒಂದು ಮಾತನ್ನು ಹೇಳಿ ಬರುವುದಿತ್ತು.

ಆ ಏಳು ವರ್ಷಕ್ಕೂ ಮೂರು ವರ್ಷ ಹಿಂದಿನ ಒಂದು ಮಳೆಗಾಲದ ಕತೆ ಇದು. ನಾನಾಗ ಸಂಖ್ಯಾಶಾಸ್ತ್ರದಲ್ಲಿ ಎಂ.ಫಿಲ್. ಮಾಡುತ್ತಿದ್ದೆ. ಲೆಕ್ಕದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನಮ್ಮೂರು ಕೂಟಗಲ್ಲಿನ ಶಾಲೆಯಲ್ಲಿ ಹುಟ್ಟಿ ಅಲ್ಲಿಯವರೆಗೂ ನನ್ನ ಜೊತೆಯೇ ಬೆಳೆದಿತ್ತು. ನಾನು ಆರಿಸಿಕೊಂಡ ವಿಷಯ, ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಲ್ಲಿ ಎಷ್ಟು ವರ್ಷ ದುಡಿದರೆ ಉಸಿರಿನ ಶಕ್ತಿ ಎಷ್ಟು ಕುಗ್ಗುತ್ತದೆ, ಎರಡಕ್ಕೂ ಸಂಬಂಧ ಉಂಟೇ ಎಂಬುದು. ಆ ಹಬೆ, ಆ ವಾಸನೆ ಎದೆಗೆ ಒಳ್ಳೆಯದಲ್ಲ ಎಂದು ಊರೆಲ್ಲ ಹೇಳುತ್ತದೆ ಸಾರ್, ಅಳೆದು ನೋಡಿದವರು ಯಾರು ಎಂದು ಗೈಡಿನ ಮುಂದೆ ದೊಡ್ಡ ಗಂಟಲಿನಲ್ಲಿ ಕೇಳಿದ್ದೆ. ಅವರು ವಯಸ್ಸಾದವರು, ಮೃದು ಮಾತಿನವರು. ಅಳೆಯಮ್ಮ, ಹುಷಾರಾಗಿ ಅಳೆ ಎಂದರು.

ಆಷಾಢದ ಮೊದಲ ಸೋಮವಾರದಿಂದ ದಿನವೂ ಕೂಟಗಲ್ಲಿನಿಂದ ಬಸ್ಸು ಹತ್ತಿ ಬರತೊಡಗಿದೆ. ಎರಡು ಶೆಡ್ಡು, ಒಟ್ಟು ಇಪ್ಪತ್ತು ಚಿಲ್ಲರೆ ಜನ. ನಾನು ಹೆಚ್ಚು ಹೊತ್ತು ಕಳೆದದ್ದು ಮೊದಲನೆಯ ಶೆಡ್ಡಿನಲ್ಲಿ. ಉದ್ದನೆಯ ಕೋಣೆ, ಒಂದು ತುದಿಗೆ ಇರುವ ಒಂದೇ ಒಂದು ಕಿಟಕಿ, ಇನ್ನೊಂದು ತುದಿಗೆ ರಾಟೆ ತಿರುಗಿಸುವ ಮೋಟರು ಕೂತ ಗೋಡೆ. ನಡುವೆ ಬಿಸಿನೀರಿನ ಎಂಟು ಬೇಸಿನ್‌ಗಳು ಒಂದೇ ಸಾಲಾಗಿ. ಒಂದೊಂದು ಬೇಸಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು. ಬೆಂದ ಗೂಡುಗಳು ನೀರಿನಲ್ಲಿ ಕುಣಿಯುತ್ತಿದ್ದರೆ ಬೆರಳಿನಿಂದ ಎಳೆ ಹುಡುಕಿ, ನಾಲ್ಕಾರು ಎಳೆ ಕೂಡಿಸಿ, ಮೇಲೆ ತಿರುಗುವ ರಾಟೆಗೆ ಕೊಡಬೇಕು. ಆ ನೀರಿನಲ್ಲಿ ನೆಂದು ನೆಂದು ಎಲ್ಲರ ಬೆರಳೂ ಬಿಳಚಿಕೊಂಡು ಸುಕ್ಕಾಗಿದ್ದವು. ಮಳೆ ಜೋರಾದ ದಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದರು, ಆಗ ಹಬೆಗೆ ಹೊರಹೋಗಲು ದಾರಿಯೇ ಇರುತ್ತಿರಲಿಲ್ಲ. ಗೋಡೆಯ ಪಕ್ಕ ಕೂತವಳ ಮುಖ ಕಿಟಕಿಯ ಪಕ್ಕ ಕೂತವಳಿಗೆ ಕಾಣಿಸುತ್ತಿರಲಿಲ್ಲ.

ನನ್ನ ಚೀಲದಲ್ಲಿ ಇದ್ದದ್ದು ಒಂದು ನೋಟ್‌ಪುಸ್ತಕ ಮತ್ತು ಒಂದು ಪ್ಲಾಸ್ಟಿಕ್ ಕೊಳವೆ. ಬಾಯಿಗಿಟ್ಟು ಒಂದೇ ಉಸಿರಿಗೆ ಊದಿದರೆ ಅದರ ಮುಳ್ಳು ಮೇಲೇರಿ ಉಸಿರಿನ ಬಿರುಸು ಎಷ್ಟೆಂದು ತೋರಿಸುತ್ತದೆ, ಡಾಕ್ಟರುಗಳು ಇಟ್ಟುಕೊಳ್ಳುವಂಥದ್ದು. ಹೆಂಗಸರು ಅದಕ್ಕೆ ಪೀಪಿ ಎಂದು ಹೆಸರಿಟ್ಟರು. ನಾನು ಬಾಗಿಲಿಗೆ ಬಂದರೆ ಸಾಕು, ಪೀಪಿ ಮೇಡಮ್ಮು ಬಂದ್ಲು ಎಂದು ಸಾಲಿನುದ್ದಕ್ಕೂ ಸುದ್ದಿ ಹೋಗುತ್ತಿತ್ತು.

ಊದುವುದು ಸುಲಭವಾಯಿತು, ವರ್ಷ ಕೇಳುವುದೇ ಕಷ್ಟವಾಯಿತು. ಎಷ್ಟು ವರ್ಷದಿಂದ ಈ ಕೆಲಸ ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮದುವೆಯಾದ ಮಾರನೇ ವರ್ಷದಿಂದ ಎಂದು ಒಬ್ಬಳು, ಮದುವೆ ಯಾವಾಗ ಎಂದರೆ ನಗು. ಮಗಳಿಗೆ ಗಂಡು ನೋಡುತ್ತಿದ್ದ ಇನ್ನೊಬ್ಬಳು ತನ್ನ ವಯಸ್ಸು ಬಯಲಾದೀತೆಂದು ಐದಾರು ವರ್ಷ ನುಂಗಿದಳು. ಉಳಿದವರು ಹತ್ತು ಅಂತ ಬರ್ಕೊಳಿ, ಇಪ್ಪತ್ತು ಅಂತ ಬರ್ಕೊಳಿ ಎಂದು ಉದಾರವಾಗಿ ಹಂಚಿದರು. ಅವರು ಹೇಳಿದ್ದನ್ನೆಲ್ಲ ನಾನು ಅಂಕಿ ಮಾಡಿ ಬರೆದುಕೊಂಡೆ. ಬರೆದ ಮೇಲೆ ಅದು ಅಂಕಿ, ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಆದರೆ ಯಾರು ಯಾರಿಗಿಂತ ಮುಂಚೆ ಬಂದರು ಎಂದು ಕೇಳಿದ್ದರೆ ಅವರಲ್ಲಿ ಒಬ್ಬರೂ ತಡವರಿಸುತ್ತಿರಲಿಲ್ಲ. ಆ ಶೆಡ್ಡಿನಲ್ಲೊಂದು ಪದ್ಧತಿ ಇತ್ತು. ಕಿಟಕಿ ಪಕ್ಕದ ಬೇಸಿನ್ ಎಲ್ಲರಿಗಿಂತ ಹಳಬಳಿಗೆ. ಅದರ ಪಕ್ಕದ್ದು ಅವಳ ನಂತರ ಬಂದವಳಿಗೆ. ಹೀಗೆ ಗೋಡೆಯವರೆಗೆ. ಯಾರಾದರೂ ಕೆಲಸ ಬಿಟ್ಟರೆ ಅವಳ ಹಿಂದಿನವರೆಲ್ಲ ಒಂದೊಂದು ಬೇಸಿನ್ ಕಿಟಕಿಯ ಕಡೆಗೆ ಸರಿಯುತ್ತಿದ್ದರು, ಹೊಸಬಳು ಬಂದು ಗೋಡೆ ಪಕ್ಕದ್ದಕ್ಕೆ ಕೂರುತ್ತಿದ್ದಳು. ಎಂಟು ದಿನ ಮುಂಚೆ ಬಂದವಳಿಗೂ ಆ ಎಂಟು ದಿನದ ಹಕ್ಕು ಇತ್ತು. ಇದರಲ್ಲಿ ಮಾಲೀಕರೂ ಬಾಯಿ ಹಾಕುತ್ತಿರಲಿಲ್ಲ. ನಾನು ನೋಟ್‌ಪುಸ್ತಕದ ಮೊದಲನೆಯ ಕಾಲಮ್ಮಿನಲ್ಲಿ ಕಿಟಕಿಯಿಂದ ಒಂದು, ಎರಡು, ಮೂರು ಎಂದು ಬೇಸಿನ್ನಿನ ನಂಬರು ಬರೆದುಕೊಂಡಿದ್ದೆ. ಹೆಸರು ಮರೆತರೆ ಹುಡುಕಲು ಸುಲಭವಾಗಲಿ ಎಂದು, ಅಷ್ಟೇ.

ಕಿಟಕಿಯ ಪಕ್ಕ ಕೂರುತ್ತಿದ್ದವಳು ಪುಟ್ತಾಯಮ್ಮ. ಎಲ್ಲರಿಗಿಂತ ಹಿರಿಯಳು, ಮಾತಿಗೊಮ್ಮೆ ಕೆಮ್ಮುವವಳು, ಕೆಮ್ಮಿನ ನಡುವೆಯೂ ಮಾತು ಬಿಡದವಳು. ಮೂರನೆಯ ಸಲ ವರ್ಷ ಕೇಳಿದಾಗ ಅವಳಿಗೆ ರೇಗಿತು.

"ಅದೇನವ್ವ ವರ್ಸ ವರ್ಸ ಅಂತ ಜೀವ ತಿಂತೀಯೆ, ವರ್ಸ ಯಾರ್ ಎಣ್ಸವ್ರೆ? ಈ ಕಿಟ್ಕಿಯಿಂದ ಆ ಗ್ವಾಡೆಗಂಟ ಒಂದ್ಸಲ ಸುಮ್ನೆ ನಡ್ಕೊಂಡೋಗು. ಒಬ್ಬೊಬ್ರು ಕೆಮ್ಮೂ ಕೇಳುಸ್ಕೊ. ಅಂಗೈ ಹುಣ್ಗೆ ಕನ್ನಡಿ ಬ್ಯಾರೆ ಬೇಕಾ?"

ಕೆಮ್ಮು ಕೇಳಿ ಬರೆದರೆ ನಮ್ಮ ಗೈಡು ಒಪ್ಪಲ್ಲ ಕಣಮ್ಮ ಎಂದು ನಾನು ನಕ್ಕೆ. ಅವಳೂ ನಕ್ಕಳು. ಆ ಸಾಲಿನುದ್ದಕ್ಕೆ ನಡೆದುಹೋಗಲು ಒಂದು ನಿಮಿಷ ಸಾಕಿತ್ತು. ನಾನು ನಡೆಯಲಿಲ್ಲ.

ಹೊರಗೆ ಅಂಗಳದಲ್ಲಿ ಬಷೀರ್ ಸಾಬರಿದ್ದರು. ಬಯಲ ಗಾಳಿಯಲ್ಲಿ ಒಲೆ ಹೂಡಿ ಗೂಡು ಬೇಯಿಸಿ ಒಳಗೆ ಕಳಿಸುವುದು ಅವರ ಕೆಲಸ. ಪ್ರಾಯದಲ್ಲಿ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವರು. ಚನ್ನಪಟ್ಟಣದಿಂದ ಮಾಗಡಿವರೆಗೆ ನನ್ನ ತುತ್ತೂರಿ ಇಲ್ಲದೆ ಗಂಡು ಕುದುರೆ ಹತ್ತಿದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಪೀಪಿ ಕೊಟ್ಟಾಗ ಎದೆ ತುಂಬ ಗಾಳಿ ಎಳೆದು ಊದಿದರು, ಮುಳ್ಳು ತುದಿಗೆ ಹೋಗಿ ಬಡಿಯಿತು. ಹೆಂಗಸರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನೋಡಿದರು, ಅವರು ಇನ್ನೊಮ್ಮೆ ಊದಿದರು. ನಲವತ್ತು ವರ್ಷ ಅಂತ ಬರ್ಕೊ ಬೇಟಿ, ಒಂದೂ ಕಮ್ಮಿ ಬರೀಬೇಡ ಎಂದರು. ಬರೆದುಕೊಂಡೆ.

ಮೂರನೆಯ ಬೇಸಿನ್ ಶಮೀಮಕ್ಕನದು. ನಲವತ್ತು ದಾಟಿರಲಿಲ್ಲ, ಆದರೂ ಮಾತಿನ ನಡುವೆ ಉಸಿರು ಸಿಕ್ಕಿಕೊಂಡು ನಿಲ್ಲುತ್ತಿತ್ತು. ನಿಂತಾಗ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಗಂಡ ಲಾರಿಯ ಮೇಲೆ ಹೋದವನು ಅಪರೂಪಕ್ಕೆ ಮನೆ ಕಾಣುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರುಕ್ಸಾನಾ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು, ಚಿಕ್ಕವಳು ನಾಜಿಯಾ ಇನ್ನೂ ಮೂರನೇ ಕ್ಲಾಸು. ಮಧ್ಯಾಹ್ನ ರುಕ್ಸಾನಾ ಅಮ್ಮನಿಗೆ ಊಟದ ಡಬ್ಬಿ ತರುತ್ತಿದ್ದಳು, ತಂದವಳು ಹೋಗದೆ ನನ್ನ ಜೊತೆ ಕೂತು ಅಂಕಿ ಓದಿ ಹೇಳುತ್ತಿದ್ದಳು. ನಾನು ತಪ್ಪಿ ಬರೆದರೆ ಥಟ್ಟನೆ ಹಿಡಿಯುತ್ತಿದ್ದಳು. ಒಂದು ದಿನ ತಮಾಷೆಗೆಂದು ಪೀಪಿ ಊದಿದಾಗ ಆ ಸಾಲಿನ ಎಂಟೂ ಜನರನ್ನು ಮೀರಿಸಿಬಿಟ್ಟಳು. ಅವಳು ಅಲ್ಲಿ ಕೆಲಸದವಳಲ್ಲವಾದ್ದರಿಂದ ಅದನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಭಾದ್ರಪದದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಅಂಥ ಒಂದು ಮಧ್ಯಾಹ್ನ ಪುಟ್ತಾಯಮ್ಮ ಬೇಸಿನ್ನಿನ ಮುಂದಿನಿಂದ ಏಳಲಾಗದೆ ಹಾಗೇ ಕೂತುಬಿಟ್ಟಳು. ಕಿಟಕಿಯ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಅವಳ ಮುಖವನ್ನು ಮಳೆಗೆ ಒಡ್ಡಿ ಹಿಡಿದರು. ಸಂಜೆ ಅಳಿಯ ಬಂದು ಆಟೋದಲ್ಲಿ ದೊಡ್ಡಮಳೂರಿನ ತನ್ನ ಮನೆಗೆ ಕರೆದುಕೊಂಡು ಹೋದ. ಹತ್ತು ದಿನ ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಇನ್ನು ಬರಲ್ಲವಂತೆ ಎಂದು ಸುದ್ದಿ ಬಂದ ಮೇಲೆ ಸಾಲು ಸರಿಯಿತು. ಎಲ್ಲರೂ ತಂತಮ್ಮ ಮಣೆ ಎತ್ತಿಕೊಂಡು ಒಂದೊಂದು ಬೇಸಿನ್ ಮುಂದೆ ಬಂದರು. ಶಮೀಮಕ್ಕ ಎರಡನೆಯದಕ್ಕೆ ಬಂದಳು. ಗೋಡೆ ಪಕ್ಕದ್ದು ಖಾಲಿಯಾಯಿತು. ಮಾಲೀಕರು ಶಮೀಮಕ್ಕನಿಗೆ, ಅಲ್ಲಿಗೆ ರುಕ್ಸಾನಾಳನ್ನು ಕಳಿಸು ಎಂದರು.

ಮಾರನೆಯ ದಿನ ಶಮೀಮಕ್ಕ ನನ್ನನ್ನು ಅಂಗಳದ ನಲ್ಲಿಯ ಹತ್ತಿರ ಕರೆದಳು. ಅವಳ ತಾಯಿಗೂ ದಮ್ಮು ಇತ್ತಂತೆ, ಅದರಲ್ಲೇ ಹೋದರಂತೆ. ಬೀದಿಯವರು ಇದು ನಿಮ್ಮ ಮನೆತನದ ಕಾಯಿಲೆ ಎನ್ನುತ್ತಾರಂತೆ. ಇಷ್ಟು ಹೇಳಿ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು.

"ನೀವು ಓದಿರೋರು ಮೇಡಮ್. ನಂದು ಒಂದೇ ಸವಾಲು. ಈ ದಮ್ಮು ಕೆಲ್ಸ ಕೊಟ್ಟಿದ್ದಾ, ಇಲ್ಲಾ ರಕ್ತದಲ್ಲಿ ಬಂದಿದ್ದಾ? ಕೆಲ್ಸ ಕೊಟ್ಟಿದ್ದು ಅಂದ್ರೆ ನನ್ ಮಗಳ್ನ ಇಲ್ಲಿ ಕೂರ್ಸಲ್ಲ. ಹಾರೋಹಳ್ಳಿ ಫ್ಯಾಕ್ಟ್ರಿ ವ್ಯಾನು ಬತ್ತದೆ, ಅದ್ಕೆ ಹತ್ತುಸ್ತೀನಿ. ದೂರ ಆದ್ರೂ ಆಗ್ಲಿ."

ದೀಪಾವಳಿಯೊಳಗೆ ಲೆಕ್ಕ ಆಗುತ್ತದೆ, ಆಮೇಲೆ ಹೇಳುತ್ತೇನೆ, ಅಲ್ಲಿಯತನಕ ಕಾಯಿರಿ ಎಂದೆ. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಹೆಮ್ಮೆಯಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹೆಮ್ಮೆಯೇ. ಮಾಲೀಕರು ಅಷ್ಟು ದಿನ ಬೇಸಿನ್ ಖಾಲಿ ಬಿಡಲು ಒಪ್ಪಲಿಲ್ಲ. ಏಳೂ ಹೆಂಗಸರು ಆ ಎಂಟನೆಯ ಬೇಸಿನ್ನಿನ ಗೂಡನ್ನು ತಮ್ಮೊಳಗೆ ಹಂಚಿಕೊಂಡು, ದಿನವೂ ಒಂದು ಗಂಟೆ ಹೆಚ್ಚಿಗೆ ಕೂತು ತಿರುಗಿಸಿದರು. ನನ್ನ ಲೆಕ್ಕ ಮುಗಿಯಲಿ ಎಂದು ಒಂದಿಡೀ ಸಾಲು ಕಾದಿತ್ತು.

ಇನ್ನು ಆ ಲೆಕ್ಕದ ವಿಷಯ. ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆಯೇ ಎಂದು ನೋಡಲು ನಮ್ಮಲ್ಲಿ ಎರಡು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಒಂದು ಪಿಯರ್ಸನ್ನನದು. ಅದು ಅಂಕಿಗಳನ್ನು ಅಂಕಿಗಳಾಗಿಯೇ ನಂಬುತ್ತದೆ, ಅವುಗಳ ನಡುವೆ ನೇರ ಗೆರೆ ಹುಡುಕುತ್ತದೆ. ಅಂಕಿ ನಿಜವಾಗಿದ್ದರೆ, ಎಲ್ಲರೂ ಹೆಚ್ಚುಕಡಿಮೆ ಒಂದೇ ಗುಂಪಿನವರಾಗಿದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ದೂರದಲ್ಲಿ ಒಂಟಿಯಾಗಿ ನಿಂತ ಒಬ್ಬನೇ ಒಬ್ಬ ಆ ಗೆರೆಯನ್ನು ತನ್ನ ಕಡೆಗೆ ಎಳೆದುಕೊಂಡುಬಿಡಬಲ್ಲ. ಇನ್ನೊಂದು ಸ್ಪಿಯರ್‌ಮನ್ನನದು. ಅದಕ್ಕೆ ಎಷ್ಟು ಎಂಬುದು ಬೇಡ, ಯಾರ ಮುಂದೆ ಯಾರು ಎಂಬ ಕ್ರಮ ಸಾಕು. ಅಳತೆ ಅಂದಾಜಿನದಾಗಿ, ಕ್ರಮ ಮಾತ್ರ ಖಚಿತವಾಗಿದ್ದಾಗ ಅದನ್ನೇ ಹಿಡಿಯಬೇಕು. ಇದನ್ನು ಈಗ ಪ್ರತಿ ವರ್ಷ ಪಾಠ ಮಾಡುತ್ತೇನೆ. ಆಗಲೂ ನನಗೆ ಬಾಯಿಪಾಠವಿತ್ತು. ಆದರೆ ಕೈಯಲ್ಲಿ ವರ್ಷ ಎಂಬ ಅಂಕಿ ಇರುವಾಗ ಅದನ್ನು ಮೊದಲು, ಎರಡನೆಯದು ಎಂಬ ಬರಿಯ ಕ್ರಮಕ್ಕೆ ಇಳಿಸುವುದು ನನ್ನಂಥ ಜಾಣೆಗೆ ತಕ್ಕದ್ದಲ್ಲ ಎನಿಸಿತ್ತು.

ಗೈಡು ಒಂದು ಮಾತು ಹೇಳಿದ್ದರು. ವಿಧಾನ ಆಮೇಲೆ ಆರಿಸು, ಮೊದಲು ಹಾಳೆಯ ಮೇಲೆ ಚುಕ್ಕೆ ಇಟ್ಟು ನೋಡಮ್ಮ, ಚುಕ್ಕೆಗಳು ಹೇಗೆ ಕೂತಿವೆ ಎಂದು ಎಂದಿದ್ದರು. ಲ್ಯಾಬಿನಲ್ಲಿ ಕಂಪ್ಯೂಟರಿನ ಸರದಿ ನನಗೆ ಸಿಕ್ಕಿದ್ದು ಒಂದೇ ಮಧ್ಯಾಹ್ನ. ಚುಕ್ಕೆ ಇಡಲು ಹೋಗಲಿಲ್ಲ. ವರ್ಷದ ಕಾಲಮ್ಮು, ಉಸಿರಿನ ಕಾಲಮ್ಮು ಎರಡನ್ನೂ ಕೊಟ್ಟು ಪಿಯರ್ಸನ್ ಎಂದು ಒತ್ತಿದೆ. ಉತ್ತರ ಸೊನ್ನೆಗೆ ತೀರ ಹತ್ತಿರ ಬಂತು. ಅದರ ಅರ್ಥ, ಈ ಅಂಕಿಗಳಲ್ಲಿ ನೇರ ಗೆರೆಯಂಥ ಸಂಬಂಧ ಕಾಣುತ್ತಿಲ್ಲ ಎಂದಷ್ಟೇ. ನಾನು ಅದನ್ನು ಸಂಬಂಧವೇ ಇಲ್ಲ ಎಂದು ಓದಿಕೊಂಡೆ. ಪ್ರಬಂಧಕ್ಕೆ ಸಪ್ಪೆಯಾಯಿತಲ್ಲ ಎಂದು ಒಸಿ ಬೇಜಾರಾಯಿತು, ಶಮೀಮಕ್ಕನಿಗೆ ಒಳ್ಳೆಯ ಸುದ್ದಿ ಸಿಕ್ಕಿತಲ್ಲ ಎಂದು ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ದೀಪಾವಳಿಗೆ ಎರಡು ದಿನ ಮುಂಚೆ ಮೈಸೂರುಪಾಕಿನ ಡಬ್ಬಿ ಹಿಡಿದುಕೊಂಡು ಶೆಡ್ಡಿಗೆ ಹೋದೆ. ಸಾಲಿನಲ್ಲಿ ಎಲ್ಲರಿಗೂ ಒಂದೊಂದು ತುಂಡು ಕೊಟ್ಟೆ, ಕೈ ಒದ್ದೆ ಎಂದವರ ಬಾಯಿಗೇ ಇಟ್ಟೆ. ಆಮೇಲೆ ಎರಡನೆಯ ಬೇಸಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆಲಸಕ್ಕೂ ದಮ್ಮಿಗೂ ಸಂಬಂಧ ಇಲ್ಲ ಶಮೀಮಕ್ಕ, ಲೆಕ್ಕ ಹಾಗೆ ಹೇಳುತ್ತಿದೆ ಎಂದೆ. ಅವಳು ನೀರಿನಲ್ಲಿ ಎಳೆಯೊಂದನ್ನು ಹುಡುಕಿ ರಾಟೆಗೆ ಕೊಟ್ಟಳು.

"ಅಂಗಾದ್ರೆ ನಮ್ ರಕ್ತದ್ದೇ ಐಬು," ಎಂದಳು. ಆಮೇಲೆ ನನಗೆ ಬೇಸರವಾದೀತೆಂದು ನಕ್ಕಳು. "ಓಗ್ಲಿ ಬುಡಿ, ಮಗಳು ಕಣ್ಮುಂದೆ ಇರ್ತಾಳೆ."

ಸೋಮವಾರ ರುಕ್ಸಾನಾ ಗೋಡೆ ಪಕ್ಕದ ಬೇಸಿನ್ನಿಗೆ ಕೂತಳು. ಎಲ್ಲರಿಗೂ ವಂದನೆ ಹೇಳಿ ಬರೋಣವೆಂದು ಹೋಗಿದ್ದೆ, ಹಾಗಾಗಿ ಕಣ್ಣಾರೆ ನೋಡಿದೆ. ಬಿಸಿನೀರಿಗೆ ಬೆರಳಿಟ್ಟು ಸುಟ್ಟುಕೊಂಡು, ನನ್ನ ಕಡೆ ತಿರುಗಿ ಬೆರಳು ಚೀಪುತ್ತ ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗಾಗ ಆಡಿದ ಮಾತಿನ ಬಗ್ಗೆ ಏನೂ ಅನಿಸಿರಲಿಲ್ಲ. ಪ್ರಬಂಧ ಒಪ್ಪಿಸಿದೆ, ಪದವಿ ಬಂತು, ಕನಕಪುರದ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು.

ಮೂರು ವರ್ಷದ ಮೇಲೆ ಒಂದು ದಿನ ಸ್ಪಿಯರ್‌ಮನ್ ಪಾಠಕ್ಕೆ ಉದಾಹರಣೆ ಬೇಕಾಗಿತ್ತು. ಪುಸ್ತಕದ ಉದಾಹರಣೆಗಳಿಗೆ ಹುಡುಗಿಯರು ಆಕಳಿಸುತ್ತಾರೆಂದು ನನ್ನ ಹಳೆಯ ನೋಟ್‌ಪುಸ್ತಕ ತೆಗೆದು, ಮೊದಲನೆಯ ಶೆಡ್ಡಿನ ಎಂಟು ಸಾಲನ್ನು ಹೆಸರು ಬಿಟ್ಟು ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಮಿಸ್, ಆ ಮೊದಲನೇ ಕಾಲಮ್ ಏನು ಎಂದು ಕೇಳಿದಳು. ಅದು ಕೂರುವ ಜಾಗದ ನಂಬರಮ್ಮ, ಅದಕ್ಕೂ ಲೆಕ್ಕಕ್ಕೂ ಸಂಬಂಧವಿಲ್ಲ ಎಂದು, ಕಿಟಕಿ ಪಕ್ಕದ ಪದ್ಧತಿಯನ್ನು ಅವರಿಗೆ ಕತೆಯ ಹಾಗೆ ಹೇಳಿದೆ.

"ಅಂಗಾದ್ರೆ ಅದೇ ರ‍್ಯಾಂಕ್ ಅಲ್ವಾ ಮಿಸ್? ಯಾರ್ ಮುಂಚೆ ಬಂದ್ರು ಅಂತ ಅವ್ರೇ ಕರೆಕ್ಟಾಗಿ ಕೂತವ್ರಲ್ಲ," ಎಂದಳು.

ಸೀಮೆಸುಣ್ಣ ಕೈಯಲ್ಲಿತ್ತು. ಹುಡುಗಿಯರು ಒಂದೊಂದೇ ವ್ಯತ್ಯಾಸ ಕೂಗಿ ಹೇಳಿದರು, ನಾನು ವರ್ಗ ಮಾಡಿ ಕೂಡಿಸಿದೆ. ಉತ್ತರ ಒಂದರ ಹತ್ತಿರಕ್ಕೆ ಹೋಗಿ ನಿಂತಿತು. ಎಂಟು ಜನರಲ್ಲಿ ಇಬ್ಬರು ಅಕ್ಕಪಕ್ಕದವರು ಅದಲುಬದಲಾಗಿದ್ದು ಬಿಟ್ಟರೆ, ಕಿಟಕಿಯ ಹತ್ತಿರ ಹೋದಷ್ಟೂ ಉಸಿರು ಇಳಿಯುತ್ತ ಹೋಗಿತ್ತು. ವಯಸ್ಸಾದವರಿಗೆ ಕಡಿಮೆ ಬರುವುದು ಸಹಜ ಎಂದು ತಳ್ಳಿಹಾಕುವಂತೆಯೂ ಇರಲಿಲ್ಲ, ವಯಸ್ಸಿಗೂ ಎತ್ತರಕ್ಕೂ ಎಷ್ಟು ಬರಬೇಕೋ ಅದರಲ್ಲಿ ಎಷ್ಟು ಪಾಲು ಬಂದಿದೆ ಎಂದೇ ಬರೆದುಕೊಂಡಿದ್ದೆ. ಹುಡುಗಿಯರು ಸೂತ್ರ ಬರೆದುಕೊಳ್ಳುತ್ತಿದ್ದರು. ನಾನು ಆ ಮೊದಲನೆಯ ಕಾಲಮ್ಮನ್ನು ಮತ್ತೆ ಮೇಲಿನಿಂದ ಕೆಳಗೆ ಓದಿದೆ.

ಮನೆಗೆ ಬಂದು ಅವತ್ತೇ ಚುಕ್ಕೆಗಳನ್ನು ಇಟ್ಟೆ. ಒಂದನ್ನು ಬಿಟ್ಟು ಎಲ್ಲ ಚುಕ್ಕೆಗಳೂ ಎಡದಿಂದ ಬಲಕ್ಕೆ ಇಳಿಯುತ್ತಿದ್ದವು, ಹತ್ತು ಇಪ್ಪತ್ತೆಂದು ಸುಳ್ಳು ವರ್ಷ ಬರೆಸಿದವರದು ಅಲ್ಲಲ್ಲಿ ಚದುರಿದ್ದರೂ. ಮೇಲಿನ ಬಲಮೂಲೆಯಲ್ಲಿ ಒಂದೇ ಒಂದು ಚುಕ್ಕೆ, ನಲವತ್ತು ವರ್ಷದ ಬಷೀರ್ ಸಾಬರದು. ಬಯಲಿನಲ್ಲಿ ಒಲೆ ಕಾಯಿಸುವ ತುತ್ತೂರಿಯವನನ್ನು ಹಬೆಯಲ್ಲಿ ಕೂತ ಹೆಂಗಸರ ಜೊತೆ ಸೇರಿಸಿದ್ದು ನಾನು. ಅವರೊಬ್ಬರ ಉಸಿರು ಉಳಿದವರೆಲ್ಲರ ದಮ್ಮನ್ನು ಮುಚ್ಚಿಹಾಕಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದೆ ಎಂದು ನಕ್ಕು ಸುಮ್ಮನಾಗುವ ತಪ್ಪಲ್ಲ ಅದು. ಹಳಬಳಿಗೆ ಕಿಟಕಿ ಪಕ್ಕದ ಜಾಗ ಏಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಎಲ್ಲರಿಗಿಂತ ಹಳಬಳಾಗುವ ಹೊತ್ತಿಗೆ ಕಿಟಕಿಯಿಲ್ಲದೆ ಅವಳಿಂದ ಆಗುತ್ತಿರಲಿಲ್ಲ. ನಾನು ಹುಡುಕಹೊರಟಿದ್ದನ್ನು ಆ ಹೆಂಗಸರು ಎಂದೋ ಕಂಡುಕೊಂಡು ಪದ್ಧತಿ ಮಾಡಿಟ್ಟಿದ್ದರು.

ಮಾರನೆಯ ದಿನವೇ ಹೋಗಬೇಕಿತ್ತು. ಹೋದೆ ಕೂಡ. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಒಂದು ಕಾಫಿ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಇಪ್ಪತ್ತು ಜನರ ಲೆಕ್ಕದಿಂದ ಏನು ಸಾಬೀತಾಗುತ್ತದೆ, ಸಂಬಂಧ ಇದ್ದಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾದೀತೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಪಾಠ ಹೇಳಿಕೊಂಡೆ. ಆ ಮಾತುಗಳೆಲ್ಲ ನಿಜ. ಆದರೆ ಸಂಬಂಧ ಇಲ್ಲ ಎಂದು ಡಬ್ಬಿ ಹಿಡಿದು ಹೇಳುವಾಗ ನನಗೆ ಅವು ಯಾವುವೂ ನೆನಪಾಗಿರಲಿಲ್ಲ. ಮುಂದಿನ ವರ್ಷ ಇನ್ನೊಮ್ಮೆ ಹೋಗಿ, ಇನ್ನೊಮ್ಮೆ ಹಾಗೇ ಬಂದೆ. ಆಮೇಲೆ ಹೋಗುವುದನ್ನೇ ಬಿಟ್ಟೆ. ಹೆದರಿದ್ದೆ, ಅಷ್ಟೇ.

ಮೊನ್ನೆ ಕೊಡೆ ಹಿಡಿದು ಆ ಬೀದಿಗೆ ತಿರುಗಿದೆ. ಅಂಗಳದಲ್ಲಿ ಬಷೀರ್ ಸಾಬರ ಒಲೆ ಇರಲಿಲ್ಲ, ಆ ಜಾಗದಲ್ಲಿ ಕಬ್ಬಿಣದ ಬಾಯ್ಲರು ಕೂತಿತ್ತು. ಒಳಗೆ ಅದೇ ಸಾಲು, ಅದೇ ಎಂಟು ಬೇಸಿನ್. ಕಣ್ಣು ನೇರ ಕಿಟಕಿಯ ಕಡೆ ಹೋಯಿತು. ಎರಡನೆಯದರಲ್ಲಿದ್ದ ಶಮೀಮಕ್ಕ ಇಷ್ಟು ಹೊತ್ತಿಗೆ ಅಲ್ಲಿಗೆ ಬಂದಿರಬೇಕು ಎಂದು ನನ್ನ ಎಣಿಕೆ. ಅಲ್ಲಿ ಕೂತಿದ್ದವಳು ಬಡಕಲು ಹೆಂಗಸು, ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿದ್ದವು. ಅವಳೇ ನನ್ನನ್ನು ಗುರುತು ಹಿಡಿದು ನಕ್ಕಳು. ಆ ನಗುವಿನಿಂದ ತಿಳಿಯಿತು, ರುಕ್ಸಾನಾ.

ಇಪ್ಪತ್ತೆಂಟು ವರ್ಷದವಳು ಎಲ್ಲರಿಗಿಂತ ಹಳಬಳಾಗಿದ್ದಳು. ಅವಳ ಮುಂದಿದ್ದ ಏಳು ಜನ ಎಲ್ಲಿ ಎಂದು ನಾನು ಕೇಳಬೇಕಾಗಲಿಲ್ಲ, ಅವಳೇ ಹೇಳಿದಳು. ಒಂದೊಂದು ಹೆಸರಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ ಹೇಳಿದಳು. ಒಬ್ಬಳು ಹಾರೋಹಳ್ಳಿಗೆ ಹೋದಳು, ಇಬ್ಬರು ಮನೆ ಹಿಡಿದಿದ್ದಾರೆ. ಉಳಿದವರು ಇಲ್ಲ. ಅವಳ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

"ಅಮ್ಮಿ ಕೊನೇಗಂಟ ಕೆಲ್ಸನ ಒಂದ್ ಮಾತು ಬೈಲಿಲ್ಲ ಮೇಡಮ್. ಇದು ನಮ್ ರಕ್ತ, ಮೇಡಮ್ ಅಳ್ದು ನೋಡಿ ಹೇಳವ್ರೆ ಅಂತಿದ್ರು. ನಂಗೂ ಶುರು ಆಯ್ತಲ್ಲ, ಆವತ್ತು ನನ್ ಕೈ ಇಡ್ಕೊಂಡು, ನಾನೇ ಕೊಟ್ಟಿದ್ದು ಮಗ್ಳೇ, ಮಾಫ್ ಮಾಡು ಅಂತ ಅತ್ತುಬುಟ್ರು."

ನಾನು ಅಲ್ಲೇ ನೆಲದ ಮೇಲೆ ಕೂತೆ, ಹತ್ತು ವರ್ಷದ ಹಿಂದೆ ಕೂತ ಹಾಗೆ.  ನಾನು ಹೇಳಿದ್ದು ತಪ್ಪು ರುಕ್ಸಾನಾ ಎಂದೆ. ನಿಮ್ಮ ರಕ್ತದ ಐಬಲ್ಲ, ನಿಮ್ಮಮ್ಮ ನಿನಗೆ ಏನೂ ಕೊಡಲಿಲ್ಲ. ನೀವು ಕೂತ ಸಾಲೇ ಹೇಳುತ್ತಿತ್ತು, ನಾನು ಓದಲಿಲ್ಲ. ಮೂರೇ ವರ್ಷಕ್ಕೆ ನನಗೆ ಗೊತ್ತಾಯಿತು, ಬಂದು ಹೇಳಲಿಲ್ಲ. ಇಷ್ಟನ್ನು ಹೇಗೋ ಹೇಳಿ ಮುಗಿಸಿದೆ.

ಅವಳ ಕೈ ನಿಂತಿತು. ಎಳೆ ಕಡಿದು ರಾಟೆ ಬರಿದೇ ತಿರುಗಿತು. ಅವಳು ಬೈಯಲಿ ಎಂದು ಕಾದೆ.

"ಆವಾಗ ಅಮ್ಮಿ ಇದ್ರಾ?" ಎಂದಳು.

"ಇದ್ದರು," ಎಂದೆ.

 ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವಳ ಕಣ್ಣು ನನ್ನನ್ನು ದಾಟಿ ಸಾಲಿನ ಆ ತುದಿಗೆ ಹೋಯಿತು. ಗೋಡೆಯ ಪಕ್ಕ, ಹಬೆಯ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ನಾಜಿಯಾ, ಕೂತು ಒಂದು ತಿಂಗಳಾಯ್ತು, ಅವಳೂ ಪಿಯುಸಿ ಆದವಳೇ ಎಂದಳು ರುಕ್ಸಾನಾ. ಹೇಳಿ ಎದ್ದು ನಿಂತು, ಗೋಡೆಯ ಕಡೆ ತಿರುಗಿ ತಂಗಿಯ ಹೆಸರು ಕೂಗಿದಳು. ಮೋಟರಿನ ಸದ್ದಿನಲ್ಲಿ ಕೂಗು ಎರಡನೆಯ ಬೇಸಿನ್ ದಾಟಲಿಲ್ಲ. ಇನ್ನೊಮ್ಮೆ ಕೂಗಲು ಎದೆ ತುಂಬ ಗಾಳಿ ಎಳೆದಳು, ಕೂಗಿನ ಬದಲು ಕೆಮ್ಮು ಬಂತು. ಕಿಟಕಿಯ ಸರಳು ಹಿಡಿದುಕೊಂಡು ನನ್ನ ಕಡೆ ನೋಡಿ, ಹೋಗಿ ಎಂದು ಕೈ ಮಾಡಿದಳು.

ನಾನು ಹೊರಟೆ, ಕಿಟಕಿಯಿಂದ ಗೋಡೆಯ ಕಡೆಗೆ. ಎರಡನೆಯ ಬೇಸಿನ್ನಿನವಳು ಎದೆಯ ಆಳದಿಂದ ಕೆಮ್ಮುತ್ತಿದ್ದಳು. ಮೂರನೆಯವಳೂ ಹಾಗೇ. ನಾಲ್ಕನೆಯವಳು ತಡೆದು ತಡೆದು. ಐದನೆಯವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆರನೆಯವಳು ಗಂಟಲು ಸರಿಮಾಡಿಕೊಂಡಳು. ಏಳನೆಯವಳು ಸುಮ್ಮನಿದ್ದಳು. ಎಂಟನೆಯವಳು ಹಾಡಿಕೊಳ್ಳುತ್ತಿದ್ದಳು.

ನಿಮ್ಮ ಅಕ್ಕ ಕರೀತಿದ್ದಾಳೆ, ಎದ್ದು ಬಾ ಎಂದೆ. ಅವಳು ಯಾರೋ ಏನೋ ಎಂದು ನನ್ನ ಮುಖ ನೋಡಿ, ಬೆರಳಿಗೆ ಸಿಕ್ಕಿದ್ದ ಎಳೆಯನ್ನು ತೋರಿಸಿದಳು.

"ಇದೊಂದು ಗೂಡು ಬಿಚ್ಬುಟ್ಟು ಬತ್ತೀನಿ, ಇರಿ."

ನಾನು ಆ ಬಿಸಿನೀರಿಗೆ ಕೈ ಹಾಕಿ ಅವಳ ಕೈ ಹಿಡಿದೆ. ಬೇಡ, ಅದನ್ನು ಅಲ್ಲಿಗೇ ಬಿಡು ಎಂದೆ.